ಕಾಸು ಕೊಟ್ಟು ಮಕ್ಕಳ ನಾಲಗೆ ಕತ್ತರಿಸುತ್ತಿದ್ದೇವೆ!

ದುರ್ಗದ ಸೀಮೆಯ ಕನ್ನಡಿಗರೇ,

ತಲೆಬರಹ ಕಟುವಾಯಿತು ಅನ್ನುತ್ತೀರಾ? ಇರಲಿ. ಮೊದಲು ಓದಿ ಮುಗಿಸಿ, ಆಮೇಲೆ ಬೈಯಿರಿ.

ತ.ರಾ.ಸು. ಅವರ 'ಹಂಸಗೀತೆ' ಗೊತ್ತಲ್ಲ? ಕಾದಂಬರಿ ಓದದವರು 1975ರಲ್ಲಿ ಜಿ.ವಿ. ಅಯ್ಯರ್ ತೆಗೆದ ಸಿನಿಮಾವನ್ನಾದರೂ ನೋಡಿರುತ್ತೀರಿ. ಅದು ನಮ್ಮ ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ. ಮನಸ್ಸೊಪ್ಪದ ಕಡೆ ಹಾಡುವುದಕ್ಕಿಂತ ನಾಲಗೆ ಇಲ್ಲದಿರುವುದೇ ಮೇಲು ಎಂದು ತನ್ನ ನಾಲಗೆಯನ್ನು ತಾನೇ ಕತ್ತರಿಸಿಕೊಂಡವನ ಕಥೆ. ಅವನದು ಛಲ, ಅವನದು ಸ್ವಾಭಿಮಾನ. ಅದೇ ದುರ್ಗದ ಮಣ್ಣಿನಲ್ಲಿ ಇವತ್ತು ನಾವು ಮಾಡುತ್ತಿರುವುದೇನು? ಹಾಡುವ ಮಕ್ಕಳನ್ನು ಬಸ್ಸು ಹತ್ತಿಸಿ, ಊರಿಂದೂರಿಗೆ ಕರೆದುಕೊಂಡು ಹೋಗಿ, ಫೀಸು ಕಟ್ಟಿ, ರಸೀದಿ ತೆಗೆದುಕೊಂಡು ಅವರ ಕನ್ನಡದ ನಾಲಗೆಯನ್ನು ಕತ್ತರಿಸಿಸುತ್ತಿದ್ದೇವೆ. ಅದಕ್ಕೊಂದು ಅಂದವಾದ ಹೆಸರೂ ಇದೆ: ವಾಯ್ಸ್ ಕೋಚಿಂಗ್!

ಚಿಕ್ಕಜಾಜೂರಿನಿಂದ ಬೆಂಗಳೂರಿಗೆ

ನಾನು ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ. ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಸಂಬಂಧಿಕರ ಹುಡುಗಿ, ಪಿಯುಸಿ ಓದುತ್ತಿದ್ದಾಳೆ. ಒಳ್ಳೆಯ ಕಂಠ. ಕಲಿತದ್ದು ಅಜ್ಜಿಯ ಬಾಯಿಂದ. ಸೋಬಾನೆ ಪದ, ಬೀಸುವ ಪದ, ಶ್ರಾವಣದ ಭಜನೆ. ಮದುವೆ ಮನೆಯಲ್ಲಿ ಆ ಹುಡುಗಿ ಎತ್ತಿಕೊಂಡಳೆಂದರೆ ಅಡಿಗೆಯವರೂ ಸೌಟು ಕೆಳಗಿಟ್ಟು ಕೇಳುತ್ತಿದ್ದರು. ಟೀವಿಯವರು ಹಾಡಿನ ಸ್ಪರ್ಧೆಗೆ ಆಡಿಷನ್ ಕರೆದಾಗ ಊರಿಗೆ ಊರೇ 'ಹೋಗವ್ವ, ನೀನು ಗೆಲ್ತೀಯ' ಎಂದಿತು. ಅಪ್ಪ ರಾಗಿ ಮಾರಿ, ಇದ್ದಬದ್ದದ್ದು ಸೇರಿಸಿ 12 ಸಾವಿರ ರೂಪಾಯಿ ಜೋಡಿಸಿದ. 'ಸುಮ್ಮನೆ ಹೋದರೆ ಆಗಲ್ಲ, ಮೊದಲು ತರಬೇತಿ ಬೇಕು' ಎಂದು ಯಾರೋ ತಲೆಗೆ ತುಂಬಿದ್ದರು. ತುಂಬಿದ್ದು ತಪ್ಪಲ್ಲ. ತರಬೇತಿ ಬೇಕು. ಅದನ್ನು ಮುಂದೆ ಹೇಳುತ್ತೇನೆ.

ಚಿಕ್ಕಜಾಜೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ವಾರಕ್ಕೊಂದು ಪಾಠದಂತೆ ಮೂರು ತಿಂಗಳ ಕ್ಲಾಸು. ಜೊತೆಗೆ ಹೋದವನು ನಾನು. ಮೂಲೆಯ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡೆ. ಮೇಷ್ಟ್ರು ಹೊರಗಿನವರೇನಲ್ಲ ಸ್ವಾಮಿ, ಅಚ್ಚ ಕನ್ನಡಿಗರು! ಮೊದಲ ದಿನವೇ ಹುಡುಗಿಯ ಕೈಗೊಂದು ಹಾಳೆ ಕೊಟ್ಟರು. ಕನ್ನಡದ ಹಾಡು, ಆದರೆ ಬರೆದದ್ದು ಇಂಗ್ಲಿಷ್ ಅಕ್ಷರದಲ್ಲಿ. ಹುಡುಗಿ ಹೆದರಿಕೊಂಡೇ ಕೇಳಿತು, 'ಸಾರ್, ಕನ್ನಡದಲ್ಲಿ ಬರ್ಕೊಳ್ಲಾ?' ಉತ್ತರ ಏನು ಗೊತ್ತೆ? 'ಅಭ್ಯಾಸ ಮಾಡ್ಕೋಮ್ಮ, ಮುಂದೆ ಎಲ್ಲಾ ಕಡೆ ಹಿಂಗೇ ಕೊಡೋದು.'

ಎರಡನೆಯ ವಾರ ಇನ್ನೊಂದು ಮಾತು ಬಂತು. 'ನಿನ್ನದು ತುಂಬಾ ಹಳ್ಳಿ ಉಚ್ಚಾರಣೆ. ಸ್ವಲ್ಪ ಸ್ಟೈಲಾಗಿ ಹಾಡು.' ಮೂರನೆಯ ವಾರ, 'ಕನ್ನಡದ ಹಾಡು ಒಂದಿರಲಿ, ಹಿಂದಿಯವು ಎರಡು ತಯಾರು ಮಾಡ್ಕೋ. ಇಂಪ್ರೆಶನ್ ಬರೋದು ಅದರಿಂದಲೇ.'

ಹುಡುಗಿ ಕಲಿಯಿತು. ಬುದ್ಧಿವಂತೆ, ಹೇಳಿಕೊಟ್ಟದ್ದನ್ನೆಲ್ಲ ಕಲಿಯಿತು. ಆಡಿಷನ್ ದಿನ ಎದೆಗೆ ನಂಬರಿನ ಚೀಟಿ ಅಂಟಿಸಿಕೊಂಡು, ಬೆಳಗಿನಿಂದ ಸಂಜೆಯವರೆಗೆ ಸಾಲಿನಲ್ಲಿ ನಿಂತು, ಎರಡು ನಿಮಿಷ ಹಾಡಿ ಬಂತು. ಆಯ್ಕೆಯಾಗಲಿಲ್ಲ. ಅದಕ್ಕೆ ನನ್ನ ದುಃಖವಿಲ್ಲ. ಸಾವಿರಾರು ಮಕ್ಕಳು ಬರುವ ಕಡೆ ಎಲ್ಲರೂ ಗೆಲ್ಲುವುದಿಲ್ಲ. ನನ್ನ ಎದೆಗೆ ಕೊಳ್ಳಿ ಇಟ್ಟದ್ದು ಊರಿಗೆ ಬಂದ ಮೇಲೆ ನಡೆದದ್ದು. ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದ ಹಾಡನ್ನು ಅಜ್ಜಿಗೆ ಕೇಳಿಸಿದೆವು. ಕಣ್ಣು ಮಂಜಾದ ಮುದುಕಿ, ಕಿವಿ ಮಾತ್ರ ಚುರುಕು. ಕೇಳಿ ಮುಗಿಸಿ ಅಂದಿತು:

'ಇದ್ಯಾರ್ಲಾ ಹಾಡಿರೋದು? ನಮ್ಮ ಕೂಸು ಅಲ್ವಲ್ಲ.'

12 ಸಾವಿರ ಕೊಟ್ಟು ನಾವು ಕೊಂಡುಕೊಂಡದ್ದು ಇದನ್ನು.

ಮಳೆ ಕರೆದರೆ ಮಲೆ ಬಂದೀತೆ?

'ಉಚ್ಚಾರಣೆಗೆ ಇಷ್ಟು ರಂಪ ಯಾಕೆ? ಸ್ವರ ಸರಿ ಇದ್ದರೆ ಸಾಲದೆ?' ಎಂದು ಕೇಳುವ ಪಂಡಿತರಿದ್ದಾರೆ. ಅವರಿಗೆ ನಾಲ್ಕು ಪಾಠ ಹೇಳಬೇಕಾಗಿದೆ.

ಒಂದು. ಇಂಗ್ಲಿಷಿನಲ್ಲಿ ಬಿ, ಎ, ಎಲ್, ಇ ಎಂದು ಬರೆಯಿರಿ. ಅದು ಬಲೆಯೋ, ಬಳೆಯೋ, ಬಾಲೆಯೋ, ಬಾಳೆಯೋ? ನಾಲ್ಕಕ್ಕೂ ಅವೇ ನಾಲ್ಕು ಅಕ್ಷರ! ಮದುವೆ ಹಾಡಿನಲ್ಲಿ ಹೆಣ್ಣಿಗೆ ಬಳೆ ತೊಡಿಸಬೇಕಾದ ಕಡೆ ಬಲೆ ತೊಡಿಸಿದರೆ ಅದು ಸೋಬಾನೆಯೋ, ಮೀನು ಹಿಡಿಯುವ ಕಸುಬೋ? ನಮ್ಮ ಅಕ್ಷರಮಾಲೆಯಲ್ಲಿ ಒಂದೊಂದು ದನಿಗೂ ಒಂದೊಂದು ಮನೆ ಕಟ್ಟಿಟ್ಟಿದ್ದಾರೆ. ಆ ಮನೆ ಬಿಟ್ಟು ಪರರ ಜಗಲಿಯ ಮೇಲೆ ಮಕ್ಕಳನ್ನು ಮಲಗಿಸುವ ದುರ್ಬುದ್ಧಿ ನಮಗೇಕೆ?

ಎರಡು. ಹಿಂದಿಯ ಮಾತಿನಲ್ಲಿ ನಮ್ಮ ಳಕಾರ ಇಲ್ಲ. ನಮ್ಮ ಹಾಗೆ ಗಿಡ್ಡ ಎ, ಗಿಡ್ಡ ಒ ಬೇರೆಯಾಗಿ ನಿಲ್ಲುವುದಿಲ್ಲ. ಪದದ ಕೊನೆಯ ಅಕಾರವನ್ನು ಅವರು ನುಂಗುತ್ತಾರೆ. ಅವರಿಗೆ ರಾಮ್, ನಮಗೆ ರಾಮ. ಅದು ಆ ಭಾಷೆಯ ಜಾಯಮಾನ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಅದೇ ಅಚ್ಚಿನಲ್ಲಿ ಎರಕ ಹೊಯ್ದ ಗಂಟಲಿನಿಂದ ಕನ್ನಡ ಹಾಡಿಸಿದರೆ ಏನಾಗುತ್ತದೆ? ಕೊಡು ಹೋಗಿ ಕೋಡು ಆಗುತ್ತದೆ. ಅಣ್ಣ ಬಂದ ಅನ್ನುವುದು ಅನ್ನ ಬಂದ ಎಂದಾಗುತ್ತದೆ. ಮಳೆ ಹೋಗಿ ಮಲೆ ಆಗುತ್ತದೆ.

ಮಳೆ ಎಂಬ ಮಾತಿನ ಬೆಲೆ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ಹಿರಿಯೂರಿನವರಿಗೆ ಗೊತ್ತು. ವೇದಾವತಿಗೆ ಅಡ್ಡ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 89 ವರ್ಷ! ಮೂರು ತಲೆಮಾರು ಕಾದ ಜನ ನಾವು. ಮಳೆರಾಯನ ಪದ ಹಾಡುತ್ತಾ ಕೇರಿ ಕೇರಿ ತಿರುಗಿದ ಮಕ್ಕಳ ಮೊಮ್ಮಕ್ಕಳು ಇವತ್ತು ಮೈಕಿನ ಮುಂದೆ ನಿಂತು ಸ್ಟೈಲಾಗಿ ಮಲೆ ಕರೆಯುತ್ತಿದ್ದಾರೆ. ಮಲೆ ಕರೆದರೆ ಮಳೆ ಬಂದೀತೆ?

ಮೂರು. ಕನ್ನಡದ ಪದ ಸ್ವರದಲ್ಲಿ ಮುಗಿಯುತ್ತದೆ. ಮನೆ, ಮರ, ಹೂವು, ನದಿ. ಸಂಗೀತಗಾರನಿಗೆ ಇದಕ್ಕಿಂತ ದೊಡ್ಡ ವರ ಬೇಕೆ? ಪದದ ಕೊನೆಯಲ್ಲಿ ಬಾಯಿ ತೆರೆದೇ ಇರುತ್ತದೆ, ರಾಗ ಅಲ್ಲೇ ನಿಂತು ಉಸಿರಾಡಬಹುದು. ಆ ಕೊನೆಯ ಸ್ವರವನ್ನು ನುಂಗಿದರೆ ಹಾಡಿಗೆ ಕಾಲು ಮುರಿದ ಹಾಗೆ.

ನಾಲ್ಕು. ಉಸಿರು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎನ್ನುವುದು ಬರೀ ಎದೆಯ ಶಕ್ತಿಯ ಪ್ರಶ್ನೆಯಲ್ಲ, ಅರ್ಥದ ಪ್ರಶ್ನೆ. 'ಏಳುಸುತ್ತಿನ ಕೋಟೆ' ಎಂದು ಹಾಡಬೇಕಾದವನು 'ಏಳು' ಎಂದು ನಿಲ್ಲಿಸಿ ಉಸಿರೆಳೆದರೆ, ಮಲಗಿದ್ದವನನ್ನು ಎಬ್ಬಿಸಿದ ಹಾಗಾಯಿತೇ ಹೊರತು ಕೋಟೆ ಕಟ್ಟಿದ ಹಾಗಾಗಲಿಲ್ಲ. ಮಾತಿನ ಅರ್ಥ ಗೊತ್ತಿಲ್ಲದ ಮೇಷ್ಟ್ರು ಉಸಿರಿನ ಜಾಗ ಹೇಗೆ ತೋರಿಸಿಯಾನು? ಹೇಳಿ!

ಹೊರಗಿನವರ ಮೇಲೆ ನಮ್ಮ ಜಗಳವಲ್ಲ

ಕನ್ನಡದ ಮಾತೆತ್ತಿದರೆ ಸಾಕು, 'ಇವರಿಗೆ ಹೊರಗಿನವರನ್ನು ಕಂಡರಾಗದು' ಎಂಬ ಅಪಪ್ರಚಾರ ಶುರುವಾಗುತ್ತದೆ. ಆ ಬಾಯಿಗಳನ್ನು ಇಲ್ಲೇ ಮುಚ್ಚಿಸುತ್ತೇನೆ.

1972ರ 'ನಾಗರಹಾವು' ನಮ್ಮ ಊರಿನದೇ ಚಿತ್ರ. ನಮ್ಮ ಕೋಟೆಯಲ್ಲೇ ಚಿತ್ರೀಕರಿಸಿ ಪುಟ್ಟಣ್ಣ ಕಣಗಾಲರು ತೆಗೆದದ್ದು. ಅದರಲ್ಲಿ ನಮ್ಮ ಓಬವ್ವನ ಹಾಡನ್ನು ಹಾಡಿದವರು ಯಾರು? ಪಿ.ಬಿ. ಶ್ರೀನಿವಾಸ್. ಹುಟ್ಟಿದ್ದು ಆಂಧ್ರದ ಕಾಕಿನಾಡದಲ್ಲಿ, ಮನೆಮಾತು ಕನ್ನಡವಲ್ಲ. ಆದರೂ ಆ ಹಾಡಿನಲ್ಲಿ ಒಂದು ಳಕಾರ ಜಾರಿದೆಯೆ? ಒಂದು ಒತ್ತಕ್ಷರ ಸಡಿಲಾಗಿದೆಯೆ? ಕೋಟೆಗೆ ಬರುವ ಪ್ರವಾಸಿಗರಿಗೆ ಇವತ್ತೂ ಓಬವ್ವನ ಕಿಂಡಿ ತೋರಿಸುವಾಗ ನೆನಪಾಗುವುದು ಆ ಕಂಠವೇ. ಎಸ್. ಜಾನಕಿ ಆಂಧ್ರದ ಗುಂಟೂರು ಸೀಮೆಯವರು. ಅವರ ಕನ್ನಡ ಕೇಳಿ ಅವರನ್ನು ಪಕ್ಕದ ಮನೆಯ ಹೆಣ್ಣುಮಗಳೆಂದು ತಿಳಿದ ಕನ್ನಡಿಗರೆಷ್ಟು ಜನ! ಅವರು ನಮ್ಮ ನುಡಿಯನ್ನು ಕಲಿತರು, ಕೇಳಿ ಕೇಳಿ ತಿದ್ದಿಕೊಂಡರು. ಅಂಥವರ ಪಾದಕ್ಕೆ ನಮ್ಮ ನಮಸ್ಕಾರ.

ನಮ್ಮ ಜಗಳ ಬೇರೆ. ಕಾಕಿನಾಡದವರು ಕಲಿತ ಕನ್ನಡವನ್ನು ಹೊಳಲ್ಕೆರೆಯ ಮಕ್ಕಳಿಗೆ ಮರೆಸುತ್ತಿದ್ದಾರಲ್ಲ, ಅದರ ಮೇಲೆ! ಕಲಿಯದೆಯೇ ಹಾಡುತ್ತೇವೆ ಎನ್ನುವ ಸೊಕ್ಕಿನ ಮೇಲೆ! ಅದಕ್ಕೆ ಚಪ್ಪಾಳೆ ತಟ್ಟುವ ನಮ್ಮ ನಿರಭಿಮಾನದ ಮೇಲೆ!

ಇನ್ನೊಂದು ಕಥೆ ಕೇಳಿ. ನಮ್ಮ 'ಹಂಸಗೀತೆ'ಯನ್ನು ಕನ್ನಡಕ್ಕಿಂತ ಮೊದಲು ಹಿಂದಿಯವರು ಸಿನಿಮಾ ಮಾಡಿದರು. 1956ರ 'ಬಸಂತ್ ಬಹಾರ್'. ಅದರಲ್ಲಿ ಆಸ್ಥಾನದ ಸ್ಪರ್ಧೆಯ ಒಂದು ಜೋಡಿ ಹಾಡು. ಒಂದು ಕಡೆ ನಮ್ಮ ಗದಗಿನ ಭೀಮಸೇನ ಜೋಶಿ, ಇನ್ನೊಂದು ಕಡೆ ಮನ್ನಾ ಡೇ. ಜೋಶಿಯವರೆದುರು, ಅದೂ ಅವರನ್ನು ಗೆಲ್ಲುವ ಪಾತ್ರಕ್ಕೆ ಹಾಡಬೇಕು ಎಂದಾಗ ಮನ್ನಾ ಡೇ ಹೆದರಿ ಊರು ಬಿಟ್ಟು ಹೋಗಲು ಹೊರಟಿದ್ದರಂತೆ. ಆಮೇಲೆ ಮನಸ್ಸು ಗಟ್ಟಿ ಮಾಡಿಕೊಂಡು, ಕೂತು ಅಭ್ಯಾಸ ಮಾಡಿ, ಬಂದು ಹಾಡಿದರು. ಆಗಲೇ ಹೆಸರು ಮಾಡಿದ್ದ ಗಾಯಕ ಒಂದೇ ಒಂದು ಹಾಡಿಗೆ ಅಷ್ಟು ಬೆವರು ಸುರಿಸಿದರು! ತಯಾರಿ ಎಂದರೆ ಅದು. ಇಂಗ್ಲಿಷ್ ಹಾಳೆ ಹಿಡಿದು ಸ್ಟೈಲು ಕಲಿಯುವುದಲ್ಲ.

ನಮ್ಮ ಮೇಷ್ಟ್ರು ನಮ್ಮೂರಲ್ಲೇ ಇದ್ದರು

'ಹಾಗಾದರೆ ತರಬೇತಿಯೇ ಬೇಡವೆ? ದೇವರು ಕೊಟ್ಟ ಕಂಠ ಸಾಕೆ?' ಎಂದು ನೀವು ಕೇಳಬಹುದು. ಬೇಕು ಸ್ವಾಮಿ, ಖಂಡಿತ ಬೇಕು. ಹುಟ್ಟಿದ ಕರು ಹಾಗೇ ನೊಗ ಹೊರುವುದಿಲ್ಲ. ಯಾವ ಶ್ರುತಿ ತನ್ನ ಕಂಠಕ್ಕೆ ಹೊಂದುತ್ತದೆ, ಹೊಟ್ಟೆಯಿಂದ ಉಸಿರು ಹೇಗೆ ಎತ್ತಬೇಕು, ಬೆಳಗ್ಗೆ ಕೆಳಗಿನ ಸ್ವರಗಳಲ್ಲಿ ನಿಧಾನವಾಗಿ ಗಂಟಲು ಹೇಗೆ ಬಿಸಿ ಮಾಡಬೇಕು, ಗಂಡು ಮಕ್ಕಳಿಗೆ ದನಿ ಒಡೆಯುವ ವಯಸ್ಸಿನಲ್ಲಿ ಯಾಕೆ ಕಿರುಚಿಸಬಾರದು, ಮೈಕಿನಿಂದ ಎಷ್ಟು ದೂರ ನಿಲ್ಲಬೇಕು, ಎರಡೇ ನಿಮಿಷ ಸಿಕ್ಕರೆ ಹಾಡಿನ ಯಾವ ಭಾಗ ಎತ್ತಿಕೊಳ್ಳಬೇಕು, ಕಾಲು ನಡುಗಿದಾಗ ದನಿ ನಡುಗದಂತೆ ಹೇಗೆ ನಿಲ್ಲಬೇಕು, ಇದನ್ನೆಲ್ಲ ಬಲ್ಲವರೇ ಹೇಳಿಕೊಡಬೇಕು. ತಪ್ಪಾಗಿ ಹಾಡಿ ಹಾಡಿ ಗಂಟಲು ಕೆಡಿಸಿಕೊಂಡರೆ ಅದನ್ನು ಮೊದಲಿನಂತೆ ಮಾಡುವುದು ಸುಲಭವಲ್ಲ.

ಆದರೆ ಇದನ್ನೆಲ್ಲ ಕಲಿಯಲು ರೈಲು ಹತ್ತಬೇಕಾದ ಗತಿ ನಮಗೆ ಯಾವಾಗ ಬಂತು? ನಮ್ಮ ಊರುಗಳಲ್ಲಿ ನಾಟಕದ ಹಾರ್ಮೋನಿಯಂ ಮೇಷ್ಟ್ರು ಎಂಬ ಒಬ್ಬ ಮನುಷ್ಯ ಇದ್ದ, ನೆನಪಿದೆಯೆ? ಜಾತ್ರೆಗೆ ಎರಡು ಮೂರು ತಿಂಗಳ ಮುಂಚೆ ಪೆಟ್ಟಿಗೆ ಹೊತ್ತು ಊರಿಗೆ ಬರುತ್ತಿದ್ದ. ಹೊಲದಲ್ಲಿ ಗೇಯ್ದು ಬಂದವನಿಗೆ ರಾತ್ರಿ ಗುಡಿಯ ಮುಂದೆ ತಾಲೀಮು. ಓದು ಬರದವನಿಗೆ ಬಾಯಿಪಾಠ. 'ನಿನ್ನ ದನಿಗೆ ಈ ಮನೆ ಎತ್ತರವಾಯ್ತು, ಇನ್ನೊಂದು ಮನೆ ಇಳಿಸ್ತೀನಿ ಇರು' ಎಂದು ಹಾರ್ಮೋನಿಯಂ ಮೇಲೆ ಬೆರಳು ಇಳಿಸಿ ಶ್ರುತಿ ಹೊಂದಿಸುತ್ತಿದ್ದ. ಕಂದಪದ್ಯದ ಒಂದು ಒತ್ತಕ್ಷರ ತಪ್ಪಿದರೆ ಎಲ್ಲರ ಮುಂದೆ ಮಾನ ಕಳೆಯುತ್ತಿದ್ದ. ಕಡೆಗೆ ಸಾವಿರ ಜನರ ಮುಂದೆ ಅದೇ ರೈತ ಭೀಮನಾಗಿ ನಿಂತರೆ ಹಿಂದಿನ ಸಾಲಿನವರಿಗೂ ಪದ ಪದ ಕೇಳಿಸುತ್ತಿತ್ತು. ಇದಕ್ಕಿಂತ ದೊಡ್ಡ ವಾಯ್ಸ್ ಕೋಚಿಂಗ್ ಯಾವುದು?

ಡಾ. ರಾಜ್‌ಕುಮಾರ್ ಅವರನ್ನು ತಯಾರು ಮಾಡಿದ್ದು ಇಂಥ ಗರಡಿಯೇ. ಗುಬ್ಬಿ ಕಂಪನಿಯಲ್ಲಿ ಬೆಳೆದ ಕಂಠ ಅದು. 1954ರಲ್ಲಿ 'ಬೇಡರ ಕಣ್ಣಪ್ಪ'ನಾಗಿ ಸಿನಿಮಾಕ್ಕೆ ಬಂದರೂ ಬಹುಕಾಲ ತೆರೆಯ ಮೇಲೆ ಅವರ ತುಟಿಗೆ ಬೇರೆಯವರ ಕಂಠವೇ. 1974ರ 'ಸಂಪತ್ತಿಗೆ ಸವಾಲ್' ಬಂದ ಮೇಲೆ ನಾಡು ಆ ಕಂಠಕ್ಕೆ ಮರುಳಾಯಿತು. 1982ರಲ್ಲಿ ಗೋಕಾಕ್ ಚಳವಳಿಗೆ ನಾಡನ್ನೇ ಎಬ್ಬಿಸಿದ ಕಂಠವೂ ಅದೇ. 1992ರ 'ಜೀವನ ಚೈತ್ರ'ದ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂದಾಗ ಅವರು ಅರವತ್ತು ದಾಟಿದ್ದರು. ಅಷ್ಟು ವಯಸ್ಸಿನಲ್ಲಿ ಅಷ್ಟು ತುಂಬು ದನಿ, ಅಷ್ಟು ಸ್ಪಷ್ಟ ಕನ್ನಡ! ಅದು ಮೂರು ತಿಂಗಳ ಕ್ರ್ಯಾಶ್ ಕೋರ್ಸಿನ ಫಲವಲ್ಲ.

ಆ ಹಾರ್ಮೋನಿಯಂ ಪೆಟ್ಟಿಗೆಯನ್ನು ದೆಹಲಿಯವರು 1940ರಿಂದ 1971ರವರೆಗೆ ಆಕಾಶವಾಣಿಯಿಂದಲೇ ಹೊರಗಿಟ್ಟಿದ್ದರು ಎಂಬುದು ನಿಮಗೆ ಗೊತ್ತಿರಲಿ. ದೊಡ್ಡವರಿಗೆ ಅದು ಕೀಳು ವಾದ್ಯ! ನಮ್ಮ ಹಳ್ಳಿಯ ಮೇಷ್ಟ್ರು ಮಾತ್ರ ಅದರಲ್ಲೇ ನೂರಾರು ಕಂಠ ತಿದ್ದಿದ. ಸರ್ಕಾರ ಅವನಿಗೆ ಸಂಬಳ ಕೊಡಲಿಲ್ಲ, ನಾವು ಗೌರವ ಕೊಡಲಿಲ್ಲ. ಇವತ್ತು ಅವನ ಮಗ ಗಾರ್ಮೆಂಟ್ಸಿಗೆ ಹೋಗುತ್ತಾನೆ, ಪೆಟ್ಟಿಗೆ ಅಟ್ಟದ ಮೇಲೆ ಇಲಿಗಳಿಗೆ ಗೂಡಾಗಿದೆ.

ಮಾಡಬೇಕೆಂದರೆ ಆಗುತ್ತದೆ ಎಂಬುದಕ್ಕೆ ಸಾಕ್ಷಿಯೂ ನಮ್ಮ ಜಿಲ್ಲೆಯಲ್ಲೇ ಇದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ನೋಡಿ. ಪುಟ್ಟ ಹಳ್ಳಿ. ಅಲ್ಲಿಂದ 1997ರಲ್ಲಿ 'ಶಿವಸಂಚಾರ' ಹೊರಟಿತು. ಕನ್ನಡ ನಾಟಕ ಹೊತ್ತು ನಾಡೆಲ್ಲ ತಿರುಗಿತು. ಆಮೇಲೆ ಅಲ್ಲೇ ರಂಗಶಾಲೆಯೂ ಆಯಿತು. ಹಳ್ಳಿಯ ಹುಡುಗರು ಅಲ್ಲಿಗೆ ಬಂದು ಮಾತು, ಹಾಡು, ಉಸಿರು ಎಲ್ಲವನ್ನೂ ಕನ್ನಡದಲ್ಲೇ ಕಲಿತು ಬಯಲು ರಂಗಮಂದಿರದಲ್ಲಿ ಎದೆಯೆತ್ತಿ ನಿಲ್ಲುತ್ತಾರೆ. ಒಂದು ಹಳ್ಳಿಗೆ ಸಾಧ್ಯವಾದದ್ದು ಒಂದು ಜಿಲ್ಲೆಗೆ ಸಾಧ್ಯವಿಲ್ಲವೆ?

'ಹಳ್ಳಿ ಉಚ್ಚಾರಣೆ' ಎಂದರೆ ಏನು?

ಈ ಮಾತಿಗೆ ಉತ್ತರ ಕೊಡದೆ ಬಿಡಲಾರೆ. ನಮ್ಮ ಸೀಮೆಯ 'ಐತೆ', 'ಬಂದೈತೆ', 'ಹೋಗ್ಯಾನೆ' ಕೇಳಿದರೆ ಪೇಟೆಯವರಿಗೆ ನಗು. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಿದವರಲ್ಲ. ಅಕ್ಷರ ಬಾರದ ಆ ಕಾಡುಗೊಲ್ಲರ ತಾಯಿ ಲೆಕ್ಕವಿಲ್ಲದಷ್ಟು ಪದಗಳನ್ನು ಎದೆಯಲ್ಲಿಟ್ಟುಕೊಂಡು ಹಾಡಿದರು. ವಿದ್ವಾಂಸರೇ ಹಟ್ಟಿಗೆ ಬಂದು ಕೂತು ಬರೆದುಕೊಂಡರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಎಂದು ಕರೆದು ಗೌರವಿಸಿತು. ಆ ಅಜ್ಜಿಗೆ ಯಾರಾದರೂ 'ಸ್ವಲ್ಪ ಸ್ಟೈಲಾಗಿ ಹಾಡಿ' ಎಂದಿದ್ದರೆ ಏನಾಗುತ್ತಿತ್ತು?

ಒಳ್ಳೆಯ ಮೇಷ್ಟ್ರಿಗೆ ಗೊತ್ತಿರುತ್ತದೆ. ಭಾವಗೀತೆಗೆ ಗ್ರಂಥದ ಕನ್ನಡ, ಹಟ್ಟಿಯ ಪದಕ್ಕೆ ಹಟ್ಟಿಯ ಸೊಲ್ಲು. ಎರಡನ್ನೂ ಕಲಿಸಬೇಕು, ಎರಡಕ್ಕೂ ಮರ್ಯಾದೆ ಕೊಡಬೇಕು. ನಮ್ಮ ಮಕ್ಕಳಲ್ಲಿ ಮನೆಯಲ್ಲಿ ತೆಲುಗಾಡುವವರಿದ್ದಾರೆ, ಲಂಬಾಣಿ ಆಡುವವರಿದ್ದಾರೆ, ಉರ್ದು ಆಡುವವರಿದ್ದಾರೆ. ಅವರೆಲ್ಲ ಕನ್ನಡದ ಮಕ್ಕಳೇ. ಅವರಿಗೂ ಇದೇ ಮೇಷ್ಟ್ರು ಬೇಕು. 1978ರಲ್ಲಿ ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ 'ನಿತ್ಯೋತ್ಸವ' ಮನೆಮನೆಗೆ ಬಂತು. ಅದನ್ನು ಬರೆದವರು ನಿಸಾರ್ ಅಹಮದ್, ರಾಗ ಹಾಕಿದವರು ಮೈಸೂರು ಅನಂತಸ್ವಾಮಿ. ಕನ್ನಡ ಯಾರ ಮನೆಮಾತನ್ನೂ ಕೇಳಿ ಒಳಗೆ ಬಿಟ್ಟುಕೊಂಡ ಭಾಷೆಯಲ್ಲ.

ಕೋಟಿ ಕಂಠ ಕೂಡಿಸಿದಿರಿ, ಎಷ್ಟು ಕಂಠಕ್ಕೆ ಮೇಷ್ಟ್ರನ್ನು ಕೊಟ್ಟಿರಿ?

ಈಗ ಸರ್ಕಾರದ ಕಡೆ ತಿರುಗೋಣ. 2022ರ ಸೆಪ್ಟೆಂಬರಿನಲ್ಲಿ ಕುವೆಂಪು ಅವರ ನಾಡಗೀತೆಗೆ ಅನಂತಸ್ವಾಮಿಯವರ ಧಾಟಿಯೇ ಇರಬೇಕು, 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಯಬೇಕು ಎಂದು ಗೊತ್ತು ಮಾಡಿದರು. ಒಳ್ಳೆಯದು. ಅದೇ ವರ್ಷ ಅಕ್ಟೋಬರ್ 28ರಂದು 'ಕೋಟಿ ಕಂಠ ಗಾಯನ' ಮಾಡಿಸಿದರು. ಶಾಲೆ, ಕಚೇರಿ, ಮೈದಾನ ಎಲ್ಲ ಕಡೆ ಜನ ಎದ್ದು ನಿಂತು ಹಾಡಿದರು. ನಾವೂ ಹಾಡಿದೆವು. ಮೈ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ.

ಮರುದಿನ ಏನಾಯಿತು? ನಿಮ್ಮೂರಿನ ಸರ್ಕಾರಿ ಶಾಲೆಗೆ ಹೋಗಿ ಕೇಳಿ: 'ಸಂಗೀತದ ಮೇಷ್ಟ್ರು ಇದ್ದಾರೆಯೇ?' ಉತ್ತರವನ್ನು ನೀವೇ ಬರೆದುಕೊಳ್ಳಿ. ಧಾಟಿಯನ್ನು ಆಜ್ಞೆ ಮಾಡಿದವರು, ಧಾಟಿ ಕಲಿಸುವವರನ್ನು ಕಳಿಸಲಿಲ್ಲ. ಸೆಕೆಂಡು ಎಣಿಸಿದವರು ಮೇಷ್ಟ್ರನ್ನು ಎಣಿಸಲಿಲ್ಲ. ಮಕ್ಕಳು ಫೋನಿನಲ್ಲಿ ಹಾಡು ಹಾಕಿಕೊಂಡು ಅದರ ಹಿಂದೆ ಒದರುತ್ತಿದ್ದಾರೆ. ಗಂಡು ಮಕ್ಕಳ ದನಿ ಒಂದು ಕಡೆ, ಹೆಣ್ಣು ಮಕ್ಕಳ ಶ್ರುತಿ ಇನ್ನೊಂದು ಕಡೆ, ನಾಡಗೀತೆ ನಡುವೆ ಅನಾಥ.

ಸರ್ಕಾರಕ್ಕೆ ಬೈದು ಕೈ ತೊಳೆದುಕೊಳ್ಳುವುದು ಸುಲಭ. ನಮ್ಮ ಮೈಯನ್ನೂ ಮುಟ್ಟಿ ನೋಡಿಕೊಳ್ಳೋಣ. ನವೆಂಬರ್ ಬಂತೆಂದರೆ ನಮ್ಮ ಸಂಘಗಳು ಏನು ಮಾಡುತ್ತವೆ? ಬಾಳೆಕಂಬ, ಬಾವುಟ, ಫ್ಲೆಕ್ಸು, ಡೀಜೆ. ಮನೆ ಮನೆಯಲ್ಲಿ ಚಂದಾ ಎತ್ತಿದ ದುಡ್ಡು ಒಂದೇ ರಾತ್ರಿಯಲ್ಲಿ ಸ್ಪೀಕರಿನ ಬಾಯಿಗೆ! ಆರ್ಕೆಸ್ಟ್ರಾದವರನ್ನು ಹೊರಗಿನಿಂದ ಕರೆಸುತ್ತೇವೆ. ರಾತ್ರಿ ಹತ್ತರ ಮೇಲೆ ಅವರು ಕುಣಿಸುವ ಹಾಡು ಯಾವ ಭಾಷೆಯದು? ನನ್ನ ಕಡೆ ನೋಡಬೇಡಿ, ಆ ವೇದಿಕೆಯ ಮೇಲೆ ನಾನೂ ಶಾಲು ಹೊದ್ದು ಕೂತವನೇ. ನಮ್ಮದೇ ಊರಿನ ಹುಡುಗಿಗೆ ಪ್ರಾರ್ಥನೆ ಹಾಡಲು ಎರಡು ನಿಮಿಷ ಕೊಟ್ಟು, 'ಬೇಗ ಮುಗಿಸಮ್ಮ, ಅತಿಥಿಗಳಿಗೆ ಟೈಮಿಲ್ಲ' ಎಂದವರೂ ನಾವೇ. ಆ ಹುಡುಗಿಗೆ ನಮ್ಮ ಮನೆಯಲ್ಲಿ ಜಾಗ ಸಿಗದಿದ್ದರೆ ಅವಳು ಯಾರ ಮನೆ ಬಾಗಿಲಿಗೆ ಹೋಗಬೇಕು?

ಏನು ಮಾಡಬೇಕು? ಇಗೋ ಹೇಳುತ್ತೇವೆ

ಬರೀ ಕೂಗುವ ಪತ್ರಿಕೆ ಎನ್ನಿಸಿಕೊಳ್ಳಲು ನಮಗಿಷ್ಟವಿಲ್ಲ. ಆಗಬಹುದಾದ ಐದೇ ಕೆಲಸ ಹೇಳುತ್ತೇವೆ.

1. ಚಿತ್ರದುರ್ಗದಲ್ಲಿ ತ.ರಾ.ಸು. ಹೆಸರಿನ ರಂಗಮಂದಿರವಿದೆ. ಹಂಸಗೀತೆ ಬರೆದವರ ಹೆಸರು ಹೊತ್ತ ಆ ಕಟ್ಟಡ ಸಮಾರಂಭಗಳಿಗಷ್ಟೇ ಯಾಕೆ? ಬೆಳಗಿನ ಹೊತ್ತು ಹಾಡುವ ಮಕ್ಕಳ ಅಭ್ಯಾಸಕ್ಕೆ ಬಾಗಿಲು ತೆರೆಯಲಿ. ವೇದಿಕೆಯ ಮೇಲೆ ನಿಂತು ಅಭ್ಯಾಸವಾದವನಿಗೆ ಆಡಿಷನ್ನಿನಲ್ಲಿ ಕಾಲು ನಡುಗುವುದಿಲ್ಲ.

2. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕನ್ನಡ ಸಂಘಗಳು ರಾಜ್ಯೋತ್ಸವದ ಚಂದಾದಲ್ಲಿ ಮೂರನೇ ಒಂದು ಪಾಲು ತೆಗೆದಿಡಲಿ. ಆ ದುಡ್ಡಿನಲ್ಲಿ ತಾಲ್ಲೂಕಿಗೊಬ್ಬ ಸಂಗೀತ ಬಲ್ಲವರನ್ನು, ಇಲ್ಲವೇ ಅಟ್ಟದಿಂದ ಪೆಟ್ಟಿಗೆ ಇಳಿಸಲು ಸಿದ್ಧರಿರುವ ನಾಟಕದ ಮೇಷ್ಟ್ರನ್ನು ಕರೆದು ವರ್ಷವಿಡೀ ಭಾನುವಾರದ ಪಾಠ ನಡೆಸಲಿ. ಡೀಜೆ ಒಂದು ವರ್ಷ ಇಲ್ಲದಿದ್ದರೆ ಭುವನೇಶ್ವರಿ ಮುನಿಸಿಕೊಳ್ಳುವುದಿಲ್ಲ.

3. ಹಾಡಿನ ಹಾಳೆ ಕನ್ನಡ ಅಕ್ಷರದಲ್ಲೇ ಇರಬೇಕು. ಯಾವ ಮೇಷ್ಟ್ರಾದರೂ ಇಂಗ್ಲಿಷ್ ಅಕ್ಷರದ ಹಾಳೆ ಕೊಟ್ಟರೆ ವಿನಯದಿಂದ ವಾಪಸು ಕೊಡಿ. ಫೀಸು ಕಟ್ಟಿದವರು ನೀವು, ಕೇಳುವ ಹಕ್ಕು ನಿಮ್ಮದು. ಕನ್ನಡ ಓದಲು ಬಾರದ ಮಗುವಿದ್ದರೆ ಮೊದಲು ಅಕ್ಷರ ಕಲಿಸಿ, ಆಮೇಲೆ ಹಾಡು.

4. ಕನ್ನಡದ ಹೆಸರಿನಲ್ಲಿ ನಡೆಯುವ ಯಾವುದೇ ಸ್ಪರ್ಧೆಯ ಮೊದಲ ಸುತ್ತು ಪೂರ್ತಿ ಕನ್ನಡದ ಹಾಡಿನದಾಗಿರಬೇಕು. ತೀರ್ಪುಗಾರರಲ್ಲಿ ಒಬ್ಬರಾದರೂ ನುಡಿಯ ಸ್ಪಷ್ಟತೆಗೆ ಅಂಕ ಹಾಕುವವರಿರಬೇಕು.

5. ಟೀವಿಯೊಂದೇ ಬಾಗಿಲಲ್ಲ ಎಂದು ಮಕ್ಕಳಿಗೆ ಹೇಳಿ. ಆಕಾಶವಾಣಿಗೆ ಧ್ವನಿಪರೀಕ್ಷೆಯ ಪದ್ಧತಿ ಇದೆ. ಅಲ್ಲಿ ಮುಖ ನೋಡುವುದಿಲ್ಲ, ಬಟ್ಟೆ ನೋಡುವುದಿಲ್ಲ, ಕಣ್ಣೀರಿನ ಕಥೆ ಕೇಳುವುದಿಲ್ಲ, ಕಂಠ ಮಾತ್ರ ಕೇಳುತ್ತಾರೆ. ಪಾಸಾದವರಿಗೆ ದರ್ಜೆ ಕೊಡುತ್ತಾರೆ. ಆ 'ಆಕಾಶವಾಣಿ' ಎಂಬ ಹೆಸರೇ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಶುರು ಮಾಡಿದ ಬಾನುಲಿಯಿಂದ ದೇಶಕ್ಕೆ ಹೋದದ್ದು. ಚಿತ್ರದುರ್ಗದಲ್ಲೇ ಅದರ ಕೇಂದ್ರವಿದೆ. ಬೆಂಗಳೂರಿನ ರೈಲು ಹತ್ತುವ ಮೊದಲು ಆ ಬಾಗಿಲಿಗೆ ಹೋಗಿ ವಿಚಾರಿಸಿದ್ದೀರಾ?

ಇದರಲ್ಲಿ ಯಾವುದು ಅಸಾಧ್ಯ? ಯಾವುದಕ್ಕೆ ವಿಧಾನಸೌಧದ ಅಪ್ಪಣೆ ಬೇಕು?

ಕೊನೆಯ ಮಾತು

ಆ ಹುಡುಗಿಯ ಕಥೆ ಮುಗಿದಿಲ್ಲ. ಅಜ್ಜಿಯ ಮಾತು ಕೇಳಿ ಎರಡು ದಿನ ಊಟ ಬಿಟ್ಟು ಅತ್ತಳು. ಮೂರನೆಯ ದಿನ ಇಂಗ್ಲಿಷ್ ಹಾಳೆಯನ್ನು ಮಗುಚಿ, ಅದರ ಬೆನ್ನಿನ ಮೇಲೆ ಅದೇ ಹಾಡನ್ನು ಕನ್ನಡದಲ್ಲಿ ಬರೆದಳು. ಎಲ್ಲಿ ಉಸಿರು ತೆಗೆಯಬೇಕೋ ಅಲ್ಲಿ ಕೆಂಪು ಗೆರೆ. ಪಕ್ಕದ ಊರಿನಲ್ಲಿ ನಾಟಕದ ಮೇಷ್ಟ್ರೊಬ್ಬರು ಇನ್ನೂ ಇದ್ದಾರೆ, ವಯಸ್ಸಾಗಿದೆ, ಕೈ ನಡುಗುತ್ತದೆ, ಕಿವಿ ಮಾತ್ರ ಸರಿಯಾಗಿದೆ. ಸಂಜೆ ಸೈಕಲ್ಲಿನಲ್ಲಿ ಅವರ ಮನೆಗೆ ಹೋಗುತ್ತಾಳೆ. ಮೇಷ್ಟ್ರು ಫೀಸು ಕೇಳಿಲ್ಲ. ಕೇಳಿದ್ದು ಒಂದೇ: 'ಮೊದಲು ನಿಮ್ಮಜ್ಜಿ ಪದ ಹಾಡು, ನಿನ್ನ ಕಂಠ ಎಲ್ಲಿ ಕೂತೈತೆ ನೋಡಾನ.'

ಮುಂದಿನ ಆಡಿಷನ್ನಿಗೆ ಅವಳು ಮತ್ತೆ ಹೋಗುತ್ತಾಳೆ. ಗೆಲ್ಲುತ್ತಾಳೋ ಸೋಲುತ್ತಾಳೋ, ಹೇಳುವವರು ಯಾರು? ಆದರೆ ಈ ಸಲ ಹಾಡುವುದು ಅವಳೇ.

ಕನ್ನಡಿಗರೇ, ಭೈರವಿ ವೆಂಕಟಸುಬ್ಬಯ್ಯ ತನ್ನ ನಾಲಗೆ ಕತ್ತರಿಸಿಕೊಂಡದ್ದು ಅದನ್ನು ಮಾರಿಕೊಳ್ಳಲೊಲ್ಲೆ ಎಂದು. ನಮ್ಮ ಮಕ್ಕಳ ನಾಲಗೆಯನ್ನು ಮಾರುವ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ. ಈ ನವೆಂಬರಿಗೆ ನಿಮ್ಮೂರಿನಲ್ಲಿ ಚಂದಾ ಪುಸ್ತಕ ಹಿಡಿದು ಯಾರಾದರೂ ಬಾಗಿಲಿಗೆ ಬಂದರೆ ದುಡ್ಡು ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿ:

'ಇದರಲ್ಲಿ ನಮ್ಮೂರ ಹಾಡುವ ಮಕ್ಕಳ ಪಾಲೆಷ್ಟು?'

ಉತ್ತರ ಬಂದ ಮೇಲೆ ದುಡ್ಡು ಕೊಡಿ. ಬರದಿದ್ದರೆ, ಆ ಪುಸ್ತಕವನ್ನು ನೀವೇ ಕೈಗೆ ತೆಗೆದುಕೊಂಡು ಬೀದಿಗಿಳಿಯಿರಿ!